ಮೊದಲ ಕಪ್ಪಿನ ಮರ್ಯಾದೆ

ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ನಾಲಿಗೆ ಎಂದೇ ಕರೆಯುತ್ತಿದ್ದರು. ಎದುರಿಗಿದ್ದಾಗ ‘ನಾಲಿಗೆಯವರು’ ಎಂದು ಒಂದು ಬಾಲ ಸೇರಿಸುತ್ತಿದ್ದರು, ಅಷ್ಟೇ. ಕಾಫಿ ಬೀಜ ಹುರಿದು, ಪುಡಿ ಮಾಡಿ ಅಂಗಡಿಗಳಿಗೆ ಕಳಿಸುವ ಕಾರ್ಖಾನೆ ಅದು. ಹುರಿದದ್ದು ಸರಿಯಾಗಿದೆಯೋ ಇಲ್ಲವೋ ಎಂದು ಕುಡಿದು ನೋಡಿ ಹೇಳುವುದು ಅವನ ಕೆಲಸ. ಕುಡಿಯುವುದೆಂದರೆ ಪೂರಾ ಕುಡಿಯುವುದಲ್ಲ. ಒಂದು ಚಮಚ ಕಾಫಿಯನ್ನು ಸೊರ್ರೆಂದು ಬಾಯಿಗೆ ಎಳೆದುಕೊಂಡು, ನಾಲಿಗೆಯ ಮೇಲೆಲ್ಲ ಹೊರಳಿಸಿ, ಪಕ್ಕದ ತಗಡಿನ ಡಬ್ಬಕ್ಕೆ ಉಗುಳುವುದು. ಉಗುಳುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಮದುವೆಯ ಹೊತ್ತಿನಲ್ಲಿ ಹೆಂಡತಿಯ ಸೋದರಮಾವ ಕೇಳಿ ಎಲ್ಲರನ್ನೂ ನಗಿಸಿದ್ದರು. ಇಪ್ಪತ್ತೆರಡು ವರ್ಷದಿಂದ ಕೊಡುತ್ತಲೇ ಬಂದಿದ್ದರು.

ಈ ಕೆಲಸಕ್ಕೆ ಅದರದೇ ಮಡಿ ಇತ್ತು. ರುಚಿ ನೋಡುವುದು ಬೆಳಿಗ್ಗೆ ಏಳಕ್ಕೆ, ಬರಿ ಹೊಟ್ಟೆಯಲ್ಲಿ. ಹಿಂದಿನ ರಾತ್ರಿ ಈರುಳ್ಳಿ ಬೆಳ್ಳುಳ್ಳಿ ತಿನ್ನುವ ಹಾಗಿಲ್ಲ, ಬೆಳಿಗ್ಗೆ ಪೇಸ್ಟ್ ಹಾಕಿ ಹಲ್ಲುಜ್ಜುವ ಹಾಗಿಲ್ಲ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಮೇಜಿನ ಮೇಲೆ ಬಿಳಿ ಕಪ್‌ಗಳು ಸಾಲಾಗಿ ಕೂತಿರುತ್ತಿದ್ದವು. ಆ ಸಾಲಿಗೂ ಒಂದು ಕಟ್ಟಳೆ. ಅತ್ಯಂತ ಹಿರಿಯ ಹುರಿಯುವವನ ಕಪ್ ಮೊದಲು, ಆಮೇಲೆ ಎರಡನೆಯವನದು, ಹೀಗೆ ಕಿರಿಯನ ತನಕ. ಈಗಿನ ಒಡತಿಯ ತಂದೆ ಮಾಡಿಟ್ಟ ನಿಯಮ ಅದು. ಬರಿ ಹೊಟ್ಟೆಯ ಮೊದಲ ಗುಟುಕಿನಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ, ಅದು ಹಿರಿಯನಿಗೇ ಸಲ್ಲಬೇಕು ಎಂದು ಆ ಯಜಮಾನರು ಹೇಳುತ್ತಿದ್ದರಂತೆ.

ಮೊದಲ ಕಪ್ ಕೆಂಡದಣ್ಣನದು. ಬೀಜ ಹುರಿಯುವ ಒಂದನೇ ಡ್ರಮ್ಮಿನ ಮುಂದೆ ಮೂವತ್ತೊಂದು ವರ್ಷ ನಿಂತು ಮುಖವೇ ಕೆಂಡದ ಬಣ್ಣಕ್ಕೆ ತಿರುಗಿದ್ದ ಮನುಷ್ಯ. ಗಡಿಯಾರ ನೋಡಿ ಹುರಿಯುವವನಲ್ಲ. ಡ್ರಮ್ಮಿನ ಪಕ್ಕ ಕಿವಿಯಿಟ್ಟು, ಬೀಜ ಮೊದಲ ಸಲ ಚಟಪಟಿಸಿ ಸುಮ್ಮನಾಗಿ ಎರಡನೇ ಸಲ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ, ಅದನ್ನು ಹೊರಗೆ ಸುರಿಯುವ ಸನ್ನೆಕೋಲು ಎಳೆಯುತ್ತಿದ್ದ. ನಾಲಿಗೆ ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ಕಪ್ಪಗೆ ಹುರಿದದ್ದು ಬೇರೆ, ಸೀದದ್ದು ಬೇರೆ ಎಂದು ಬೀಜ ಕಚ್ಚಿಸಿ ಕಲಿಸಿದವನೂ ಅವನೇ. ಆದರೂ ನಾಲಿಗೆ ಬರೆದ ಚೀಟಿಯ ಮೇಲೆ ಒಂದು ದಿನವೂ ಎದುರಾಡಿದವನಲ್ಲ. ಚೀಟಿಯಲ್ಲಿ ಬರೆಯುವುದು ಎರಡೇ ಮಾತು, ‘ಸರಿ’ ಅಥವಾ ‘ಸೀದಿದೆ’. ಮೂವತ್ತೊಂದು ವರ್ಷದಲ್ಲಿ ಕೆಂಡದಣ್ಣ ಸೀದ ಚೀಟಿ ನೋಡಿದ್ದು ಬೆರಳೆಣಿಕೆಯಷ್ಟು ಸಲ.

ಎರಡು ವರ್ಷದ ಹಿಂದೆ ನಾಲಿಗೆಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಆಪರೇಷನ್ ಮಾಡಿ ಚೀಲವನ್ನೇ ತೆಗೆದುಹಾಕಿದರು. ಕಲ್ಲುಗಳನ್ನು ಒಂದು ಸಣ್ಣ ಶೀಶೆಯಲ್ಲಿ ಹಾಕಿ ಕೊಟ್ಟರು; ಮನೆಗೆ ಬಂದ ನೆಂಟರಿಗೆಲ್ಲ ಅವನು ಅದನ್ನು ಅಲ್ಲಾಡಿಸಿ ತೋರಿಸಿದ್ದೇ ತೋರಿಸಿದ್ದು. ವರ್ಷ ಒಂದು ಆರಾಮಾಗಿ ಕಳೆಯಿತು. ಆಮೇಲೆ ಬೆಳಗಿನ ಹೊತ್ತು ಎಚ್ಚರವಾಗುವಾಗಲೇ ಎದೆಗೂಡಿನ ಕೆಳಗೆ ಉರಿ, ಗಂಟಲಲ್ಲಿ ಕಹಿ ನೀರು, ದಿಂಬಿನ ಮೇಲೆ ಹಳದಿ ಕಲೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಏನೋ ಒಂದು ಬಾಯಿ ತನಕ ಬಂದು ಹೋಗುತ್ತಿತ್ತು. ಸ್ವರ ಒಡೆದ ಬಿದಿರಿನ ಹಾಗಾಯಿತು.

ಯಾರ ಹತ್ತಿರ ಹೇಳಿಕೊಳ್ಳುವುದು? ಹೊಟ್ಟೆ ಉರಿ ಎಂದು ಒಂದು ಸಲ ಬಾಯಿ ತಪ್ಪಿ ಅಂದದ್ದಕ್ಕೆ ಮೂಟೆ ಹೊಲಿಯುವವರೆಲ್ಲ ಸೇರಿ, ಯಾರು ಉದ್ಧಾರವಾದದ್ದು ನೋಡಿ ನಾಲಿಗೆಯವರಿಗೆ ಹೊಟ್ಟೆ ಉರಿ ಬಂತು ಎಂದು ಇಡೀ ದಿನ ಕಾಲೆಳೆದಿದ್ದರು. ನಮ್ಮ ಭಾಷೆಯೂ ಅಷ್ಟೇ, ನಿಜವಾಗಿ ಹೊಟ್ಟೆ ಉರಿಯುವವನಿಗೆ ಒಂದು ಒಳ್ಳೆ ಮಾತು ಉಳಿಸಿಲ್ಲ. ಇನ್ನು ಬಾಯಿ ಕಹಿ ಎಂದು ಹೇಳುವುದಂತೂ ಆಗದ ಮಾತು. ರುಚಿ ನೋಡುವವನ ಬಾಯೇ ಕಹಿ ಎಂದರೆ, ಓಡಿಸುವವನಿಗೆ ಕಣ್ಣು ಕಾಣದು ಎಂದು ಬಸ್ಸಿನವರೇ ಬೋರ್ಡು ಹಾಕಿಕೊಂಡ ಹಾಗೆ.

ತಡೆಯಲಾರದೆ ಒಂದು ಸಂಜೆ ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋದ. ಡಾಕ್ಟರ ಮೇಜಿಗೂ ಕಾಯುವವರ ಬೆಂಚಿಗೂ ನಡುವೆ ಒಂದು ಬಟ್ಟೆಯ ಪರದೆ ಮಾತ್ರ. ಬೆಂಚಿನ ಮೇಲೆ ಅವನ ಪಕ್ಕ ಕೂತಿದ್ದವರು ಅವರದೇ ಕಾರ್ಖಾನೆಯ ಪುಡಿ ಮಾರುವ ಅಂಗಡಿಯವರು. ಅವರು ಮೊಣಕಾಲು ತೋರಿಸಲು ಬಂದಿದ್ದರು, ಕಿವಿ ಮಾತ್ರ ಗಟ್ಟಿಯಾಗಿತ್ತು. ಪರದೆಯೊಳಗೆ ಡಾಕ್ಟರು ಇಡೀ ಬೀದಿಗೆ ಕೇಳುವ ಹಾಗೆ, ಬಾಯಿಗೆ ಏನು ಬರುತ್ತೆ, ಹುಳಿನಾ ಕಹಿನಾ ಎಂದು ಕೇಳಿದರು.

‘ಹುಳಿ,’ ಅಂದ ನಾಲಿಗೆ.

ಕಹಿ ಎಂಬುದಕ್ಕೂ ಎರಡೇ ಅಕ್ಷರ, ಹುಳಿ ಎಂಬುದಕ್ಕೂ ಎರಡೇ. ಡಾಕ್ಟರು ಹುಳಿ ತೇಗು ಎಂದು ಬರೆದುಕೊಂಡು, ಆಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟು ಕಳಿಸಿದರು. ಏಳು ತಿಂಗಳು ಅವನು ಆ ಮಾತ್ರೆ ನುಂಗಿದ. ರೋಗ ಅದರ ಪಾಡಿಗೆ ಅದು ಇತ್ತು, ಮಾತ್ರೆ ಅದರ ಪಾಡಿಗೆ ಅದು ಹೋಯಿತು.

ಆ ಏಳು ತಿಂಗಳಲ್ಲೇ ಕೆಂಡದಣ್ಣನ ಕಪ್ ಸೀಯಲು ಶುರುವಾದದ್ದು.

ಮೊದಲ ಸಲ ‘ಸೀದಿದೆ’ ಎಂಬ ಚೀಟಿ ಹೋದಾಗ ಕೆಂಡದಣ್ಣ ತಮಾಷೆ ಅಂದುಕೊಂಡ. ಎರಡನೇ ಸಲ ಡ್ರಮ್ಮಿನ ಬಾಯಿಗೆ ಟಾರ್ಚ್ ಹಾಕಿ ನೋಡಿದ. ಮೂರನೇ ಸಲ ರುಚಿ ನೋಡುವ ಕೋಣೆಗೇ ಬಂದು, ಕೈ ಒರೆಸಿಕೊಂಡು, ಚಮಚ ಕೇಳಿದ. ಕುಡಿದು, ತನಗೆ ಸರಿಯಾಗೇ ಕಾಣುತ್ತಿದೆಯಲ್ಲಾ ಅಂದ. ಅಲ್ಲಿಗೆ ನಾಲಿಗೆ ಸುಮ್ಮನಾಗಬಹುದಿತ್ತು. ಆದರೆ ಅವನಿಗೆ ಕಹಿ ಕಾಣುತ್ತಿದ್ದದ್ದು ನಿಜ, ಇಪ್ಪತ್ತೆರಡು ವರ್ಷದ ಹಮ್ಮೂ ನಿಜ.

‘ಇನ್ನೊಂದ್ಸಲ ನೋಡಿ ಅಣ್ಣ,’ ಅಂದ. ‘ಮೊದಲು ಗೊತ್ತಾಗಲ್ಲ. ನುಂಗಿದ ಮೇಲೆ ಗಂಟಲಲ್ಲಿ ಉಳಿಯುತ್ತೆ ನೋಡಿ, ಅದನ್ನ ಹಿಡೀರಿ.’

ಕೆಂಡದಣ್ಣ ಇನ್ನೊಂದು ಚಮಚ ಕುಡಿದ. ಮತ್ತೊಂದು. ನಾಲಿಗೆ ಪಕ್ಕದಲ್ಲೇ ನಿಂತು, ಎಲ್ಲಿ ಹುಡುಕಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಪಾಠ ಹೇಳಿದ. ಐದನೇ ಚಮಚಕ್ಕೆ ಹಿರಿಯ ಮನುಷ್ಯ ಹೌದೇನೋ ಅಂದ. ಚಮಚ ತೊಳೆದು ಮೇಜಿನ ಮೇಲಿಟ್ಟು, ಡ್ರಮ್ಮಿನ ಹತ್ತಿರ ಹೋದ.

ಆಮೇಲೆ ಕೆಂಡದಣ್ಣ ತನ್ನ ಕಣ್ಣಿನ ಮೇಲೆ ಅನುಮಾನ ಪಟ್ಟ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ದಪ್ಪ ಗಾಜಿನ ಕನ್ನಡಕ ಮಾಡಿಸಿಕೊಂಡು ಬಂದ. ಡ್ರಮ್ಮಿನ ಕಾವಿಗೆ ಆ ಗಾಜು ಮಂಜಾಗಿ, ಮೊದಲು ಕಾಣುತ್ತಿದ್ದದ್ದೂ ಕಾಣದಾಯಿತು. ಅದಕ್ಕೂ ಚೀಟಿ ಬದಲಾಗಲಿಲ್ಲ. ಕೊನೆಗೆ ಒಂದು ದಿನ ಬೀಜ ಇನ್ನೂ ಕಂದು ಬಣ್ಣದಲ್ಲಿರುವಾಗಲೇ, ಒಂದು ನಿಮಿಷ ಮುಂಚೆ ಸನ್ನೆಕೋಲು ಎಳೆದುಬಿಟ್ಟ. ಅಷ್ಟು ಎಳಸಾಗಿ ಹುರಿದದ್ದು ಏನು ಬೇಕಾದರೂ ಆಗಬಹುದು, ಸೀಯುವುದಂತೂ ಸಾಧ್ಯವಿಲ್ಲ. ಮರುದಿನ ಬೆಳಿಗ್ಗೆ ನಾಲಿಗೆ ಆ ಕಪ್ಪಿನ ತೆಳು ಬಣ್ಣ ಕಣ್ಣಾರೆ ನೋಡಿದ. ಕುಡಿದ. ಕಹಿಯಾಗಿತ್ತು.

ಅವತ್ತೇ ಅವನಿಗೆ ತಿಳಿಯಿತು. ತಿಳಿಯಲಿಲ್ಲ ಎಂದು ಅವನು ಆಮೇಲೆ ಯಾರಿಗೆ ಬೇಕಾದರೂ ಹೇಳಬಹುದಿತ್ತು, ತನಗೆ ತಾನು ಹೇಳಿಕೊಳ್ಳಲು ಆಗಲಿಲ್ಲ. ಪೆನ್ಸಿಲ್ ಹಿಡಿದು ಎಷ್ಟೋ ಹೊತ್ತು ಕೂತ. ‘ಸರಿ’ ಎಂದು ಬರೆದರೆ ಇಷ್ಟು ದಿನದ ಚೀಟಿಗಳ ಕತೆ ಏನು ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೇ ‘ಸೀದಿದೆ’ ಎಂದೇ ಬರೆದ. ಬರೆಯುವಾಗ ಕಿವಿಯ ತುದಿ ಬಿಸಿಯಾಯಿತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹನ್ನೊಂದನೇ ‘ಸೀದಿದೆ’ ಚೀಟಿ ಬಂದ ಮೇಲೆ ಒಡತಿ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿದಳು. ತಂದೆಯ ಕಾಲದವರು ಎಂದು ಕೆಂಡದಣ್ಣನಿಗೆ ಕುರ್ಚಿ ಹಾಕಿಸಿದಳು, ಅವನು ಕೂರಲಿಲ್ಲ. ಚೀಟಿಗಳನ್ನು ಮೇಜಿನ ಮೇಲೆ ಹರವಿ, ನಾಲಿಗೆಯ ಮುಖ ನೋಡಿ, ನೇರವಾಗಿಯೇ ಕೇಳಿದಳು.

‘ನಿಮ್ಮ ಬಾಯಿ ಸರಿಯಾಗಿದೆ ತಾನೆ? ಆಪರೇಷನ್ ಆದಮೇಲೆ ಏನೂ ತೊಂದರೆ ಇಲ್ವಲ್ಲ?’

ನಾಲಿಗೆಗೆ ನಾಲಿಗೆ ಹೊರಳಲಿಲ್ಲ. ಅವನು ಏನೋ ಹೇಳಬೇಕು ಎನ್ನುವಷ್ಟರಲ್ಲಿ ಕೆಂಡದಣ್ಣನೇ ಅಡ್ಡ ಬಂದ.

‘ಅವನ ಬಾಯಿ ಸರಿಯಾಗಿದೆ ಮೇಡಂ. ನಾನೂ ಕುಡಿದು ನೋಡಿದೀನಿ. ಸೀದಿದ್ದು ಹೌದು. ನನ್ನ ಕಣ್ಣು ಹೋಯ್ತು, ಕೈಯೂ ಹೋಯ್ತು. ಅವನನ್ನ ಯಾಕೆ ಕೇಳ್ತೀರಿ?’

ಇಷ್ಟು ಕೇಳಿಯೂ ನಾಲಿಗೆ ಬಾಯಿ ಬಿಡಲಿಲ್ಲ. ನೆಲದ ಹಾಸುಗಲ್ಲಿನ ಒಂದು ಬಿರುಕನ್ನೇ ನೋಡುತ್ತ ನಿಂತ. ಒಡತಿ ಕೆಂಡದಣ್ಣನನ್ನು ಗೋದಾಮಿನಲ್ಲಿ ಮೂಟೆ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದಳು. ಎಂಟು ದಿನ ಆ ಮನುಷ್ಯ ಗೋದಾಮಿನ ತಣ್ಣನೆಯ ಕತ್ತಲಲ್ಲಿ ಕೂತ. ಒಂಬತ್ತನೇ ದಿನ ಮೊಣಕಾಲು ನೋವು ಎಂದು ಹೇಳಿ ಕಳಿಸಿದ, ಮತ್ತೆ ಬರಲಿಲ್ಲ. ಹಿಂದಿನ ಸಂಜೆ ರುಚಿ ಕೋಣೆಗೆ ಬಂದು, ಹೋಗಿ ಬರ್ತೀನಿ ತಮ್ಮ ಎಂದು ನಾಲಿಗೆಯ ಬೆನ್ನು ತಟ್ಟಿದ್ದ. ಆ ಬೆನ್ನು ಬಹಳ ದಿನ ಉರಿಯಿತು.

ಒಂದನೇ ಡ್ರಮ್ಮು ಎರಡನೇ ಡ್ರಮ್ಮಿನವನಿಗೆ ಬಂತು. ಅದರ ಜೊತೆಗೆ ಮೊದಲ ಕಪ್ಪೂ ಬಂತು. ಮೊದಲ ದಿನವೇ ಆ ಕಪ್ಪೂ ಸೀದಿತ್ತು. ಕೆಂಡದಣ್ಣನ ಹಾಗೆ ತಲೆ ತಗ್ಗಿಸುವ ಆಸಾಮಿಯಲ್ಲ ಇವನು, ಸಿಡಿಲಿನ ಹಾಗೆ ಕೋಣೆಗೆ ನುಗ್ಗಿದ. ನಿನ್ನೆ ತನಕ ತನ್ನ ಕಾಫಿ ಚೆನ್ನಾಗಿತ್ತು, ಡ್ರಮ್ಮು ಬದಲಾದ ತಕ್ಷಣ ಕೈ ಕೆಟ್ಟುಹೋಯಿತೇ ಎಂದು ಕೂಗಾಡಿದ. ಡ್ರಮ್ಮಿನದೇ ದೋಷ ಇರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ಮೆಕ್ಯಾನಿಕ್ ಬಂದು ಮೂರು ದಿನ ಅದನ್ನು ಬಿಚ್ಚಿ ಹರಡಿದ. ಒಂದು ತಿರುಪು ಕೂಡ ಸಡಿಲವಿರಲಿಲ್ಲ. ಬಿಚ್ಚಬೇಕಾದದ್ದು ಯಾವುದು ಎಂದು ಗೊತ್ತಿದ್ದವನು ಒಬ್ಬನೇ, ಅವನು ಮೆಕ್ಯಾನಿಕ್ಕಿಗೆ ಸ್ಪ್ಯಾನರ್ ಎತ್ತಿಕೊಡುತ್ತ ಪಕ್ಕದಲ್ಲೇ ನಿಂತಿದ್ದ.

ಅಲ್ಲಿಂದ ಮುಂದೆ ನಾಲಿಗೆ ಇನ್ನೂ ಒಂದು ಮೆಟ್ಟಿಲು ಇಳಿದ. ಮೊದಲ ಕಪ್ಪಿಗೆ ಚಮಚ ಅದ್ದಿದ ಹಾಗೆ ಮಾಡಿ, ರುಚಿ ನೋಡದೆಯೇ ‘ಸರಿ’ ಎಂದು ಬರೆಯತೊಡಗಿದ. ಎರಡನೆಯ, ಮೂರನೆಯ ಕಪ್ಪಿನ ಹೊತ್ತಿಗೆ ಬಾಯಿ ತೊಳೆದ ಹಾಗಾಗಿ ನಿಜವಾದ ರುಚಿ ಸಿಗುತ್ತಿತ್ತು. ಅಂದರೆ ಇಷ್ಟು ದಿನ ಕೆಂಡದಣ್ಣನನ್ನು ಹೊಡೆದದ್ದು ಅವನ ಹಿರಿತನವೇ. ನಾಲ್ಕನೇ ಕಪ್ಪಿನವನಾಗಿದ್ದರೆ ಆ ಮನುಷ್ಯ ಇವತ್ತಿಗೂ ಡ್ರಮ್ಮಿನ ಮುಂದೆ ನಿಂತಿರುತ್ತಿದ್ದ.

ಒಂದು ಬೆಳಿಗ್ಗೆ ಹೊರಗಿನಿಂದ ಇಬ್ಬರು ವ್ಯಾಪಾರಿಗಳು ರುಚಿ ನೋಡುವುದು ಹೇಗೆಂದು ಕಾಣಲು ಬಂದಿದ್ದರು. ಒಡತಿಯೂ ಇದ್ದಳು. ನಾಲಿಗೆ ಮೊದಲ ಕಪ್ಪಿಗೆ ಬಗ್ಗಿದ. ಬಗ್ಗಿದವನಿಗೆ ಒಳಗಿಂದ ಉಕ್ಕಿ ಬಂದದ್ದನ್ನು ತಡೆಯಲಾಗಲಿಲ್ಲ. ಡಬ್ಬಕ್ಕೆ ತಿರುಗುವಷ್ಟೂ ಸಮಯ ಸಿಗದೆ, ಬಿಳಿ ಕಪ್‌ಗಳ ಮೇಲೆ, ಹಾಸಿದ ಬಿಳಿ ಬಟ್ಟೆಯ ಮೇಲೆ ವಾಂತಿಯಾಯಿತು. ವ್ಯಾಪಾರಿಗಳು ಹಿಂದೆ ಸರಿದರು. ನೆಲ ಒರೆಸುವ ಅಕ್ಕ ಬಕೆಟ್ ತಂದು, ಒರೆಸುತ್ತ ಒರೆಸುತ್ತ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು.

‘ಇದು ಕಾಫಿಯಲ್ಲ ಸಾರ್. ಹಸಿರಾಗಿದೆ.’

ಮನೆಗೆ ಹೋದಾಗ ಹೆಂಡತಿ ಯೂನಿಫಾರಂ ಹೊಲಿಯುತ್ತ ಕೂತಿದ್ದಳು. ಅವನ ಮುಖ ನೋಡಿ ಮಷೀನು ನಿಲ್ಲಿಸಿದಳು. ಅವನು ಬಾಯಿ ತೆರೆಯುವ ಮೊದಲೇ, ಒಂದು ವರ್ಷದಿಂದ ದಿಂಬಿನ ಬಟ್ಟೆ ಒಗೆಯುತ್ತಿರುವವಳು ತಾನು, ಆ ಹಳದಿ ಕಲೆ ಹುಳಿ ತೇಗಿನಿಂದ ಆಗುವಂಥದ್ದಲ್ಲ ಎಂದು ತನಗೆ ಗೊತ್ತು, ಅವನಾಗಿ ಹೇಳಲಿ ಎಂದು ಕಾದೆ ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮರುದಿನ ದೊಡ್ಡ ಆಸ್ಪತ್ರೆಯ ಹೊಟ್ಟೆ ಡಾಕ್ಟರ ಮುಂದೆ ಕೂರಿಸಿದಳು. ಆ ಡಾಕ್ಟರಮ್ಮ ಮಾತಿನಲ್ಲಿ ಗಡಸು, ಕಣ್ಣಿನಲ್ಲಿ ನಗು. ಬಾಯಿಗೆ ಏನು ಬರುತ್ತದೆ ಎಂದು ಅವರೂ ಅದನ್ನೇ ಕೇಳಿದರು. ಇಲ್ಲಿ ಬಾಗಿಲು ಮುಚ್ಚಿತ್ತು, ಹೊರಗೆ ಕಿವಿ ಇರಲಿಲ್ಲ. ಆದರೂ ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆಯಾಯಿತು.

‘ಕಹಿ,’ ಅಂದ.

ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯಿಂದ ಒಳಗಿಳಿಸಿ ಎಂಡೋಸ್ಕೋಪಿ ಮಾಡಿದರು. ಪರದೆಯ ಮೇಲೆ ಅವನ ಜಠರ ಕಾಣಿಸಿತು. ಗೋಡೆಯೆಲ್ಲ ತರಚಿದ ಹಾಗೆ ಕೆಂಪು, ತಳದಲ್ಲಿ ಹಳದಿ ಹಸಿರು ನೀರಿನ ಮಡು. ಆಮೇಲೆ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಪಿತ್ತರಸ ಹುಟ್ಟುವುದು ಲಿವರಿನಲ್ಲಿ, ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಚೀಲ ತೆಗೆದ ಮೇಲೆ ರಸ ಹನಿ ಹನಿಯಾಗಿ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಬಹಳ ಜನಕ್ಕೆ ಅದರಿಂದ ಏನೂ ಆಗುವುದಿಲ್ಲ, ಕೆಲವರಿಗೆ ಕರುಳಿಗೂ ಜಠರಕ್ಕೂ ನಡುವಿನ ಬಾಗಿಲು ಸರಿಯಾಗಿ ಮುಚ್ಚದೆ ರಸ ಮೇಲಕ್ಕೆ ನುಗ್ಗುತ್ತದೆ. ಜಠರದಿಂದ ಅನ್ನನಾಳಕ್ಕೆ, ಅಲ್ಲಿಂದ ಗಂಟಲಿಗೆ. ಆಸಿಡ್ಡಿನ ಮಾತ್ರೆ ಆಸಿಡ್ಡನ್ನು ತಗ್ಗಿಸುತ್ತದೆ, ಪಿತ್ತ ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಥರ, ನಿಮಗೆ ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಕೇಳಿದರು. ತನಗೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲೇ ಹೆಚ್ಚು ಎಂದು ಅವನು ಹೇಳಿದ. ಆಮೇಲೆ, ಬಾಯಿ ಹಾಗಿರುವಾಗ ಬೇರೆಯ ರುಚಿಯೂ ಕಹಿಯಾಗಿ ಕಾಣುತ್ತದೆಯೇ ಎಂದು ಕೇಳಿದ.

‘ಕಾಣದೆ ಇನ್ನೇನು?’ ಅಂದರು ಡಾಕ್ಟರಮ್ಮ. ‘ಯಾಕೆ, ನೀವೇನು ಕೆಲಸ ಮಾಡೋದು?’

ಅವನು ಹೇಳಿದ. ಅವರು ಪೆನ್ನು ಕೆಳಗಿಟ್ಟರು. ಹಳೆಯ ಔಷಧಿ ಚೀಟಿಯಲ್ಲಿದ್ದ ‘ಹುಳಿ ತೇಗು’ ನೋಡಿ, ಮೊದಲಿನ ಡಾಕ್ಟರಿಗೆ ಕಹಿ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೆಂಡತಿ ತನ್ನ ಚೀಲದ ಹಿಡಿಕೆಯನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಚಿಕಿತ್ಸೆ ಎಂದರೆ ಒಂದೇ ಗುಳಿಗೆಯ ಮಾತಲ್ಲ. ಪಿತ್ತರಸವನ್ನು ಮೆತ್ತಗೆ ಮಾಡುವ ಮಾತ್ರೆ ಎರಡು ಹೊತ್ತು. ಪಿತ್ತವನ್ನು ಹಿಡಿದುಕೊಂಡು ಹೊರಗೆ ಸಾಗಿಸುವ ಒಂದು ಪುಡಿ, ನೀರಿಗೆ ಕಲಸಿದರೆ ಮರಳು ಕುಡಿದ ಹಾಗೆ. ಅದು ಬೇರೆ ಔಷಧಿಯನ್ನೂ ಹಿಡಿದುಬಿಡುವುದರಿಂದ ಉಳಿದ ಮಾತ್ರೆಗಳಿಗೂ ಅದಕ್ಕೂ ಗಂಟೆಗಟ್ಟಲೆ ಅಂತರ ಇಡಬೇಕು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ. ಊಟ ಸ್ವಲ್ಪ ಸ್ವಲ್ಪವಾಗಿ ಐದು ಹೊತ್ತು, ರಾತ್ರಿಯದು ಬೇಗ, ಉಂಡ ಮೇಲೆ ಮೂರು ಗಂಟೆ ಅಡ್ಡಾಗುವ ಹಾಗಿಲ್ಲ. ಎಣ್ಣೆ ಜಿಡ್ಡು ಕಡಿಮೆ. ಕಾಫಿ ಸದ್ಯಕ್ಕೆ ಬಂದ್, ಎಂದಾದರೂ ಒಂದು ಗುಟುಕು ರುಚಿ ನೋಡುವಷ್ಟು ಬಿಟ್ಟು. ಇಷ್ಟಕ್ಕೂ ಬಗ್ಗದಿದ್ದರೆ ರಸದ ದಾರಿಯನ್ನೇ ತಿರುಗಿಸುವ ಆಪರೇಷನ್ ಒಂದಿದೆ, ಅದು ಕೊನೆಯ ಮಾತು ಎಂದರು. ಪುಡಿಯಿಂದ ಮಲಬದ್ಧತೆ ಆಗಬಹುದು ಎಂದದ್ದು ಮಾತ್ರ ಮೊದಲ ವಾರವೇ ನಿಜವಾಯಿತು. ಮೇಲಿನದು ನಿಂತರೆ ಕೆಳಗಿನದೂ ನಿಲ್ಲಬೇಕೇನು ಎಂದು ಹೆಂಡತಿ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತ್ತು.

ಎರಡು ತಿಂಗಳ ರಜೆಯಲ್ಲಿ ಪೂರ್ತಿ ವಾಸಿಯಾಯಿತು ಎಂದು ಹೇಳಲಾಗದು. ವಾರದಲ್ಲಿ ಒಂದೆರಡು ದಿನ ಹಳೆಯದೇ ಉರಿ ಬಂದು ಮುಖ ತೋರಿಸಿ ಹೋಗುತ್ತಿತ್ತು. ಉಳಿದ ದಿನ ಬಾಯಿ ಬಾಯಾಗಿತ್ತು. ನೀರಿಗೆ ನೀರಿನ ರುಚಿ ಬಂದಿತ್ತು.

ಕೆಲಸಕ್ಕೆ ಹಿಂದಿರುಗಿದ ದಿನ ಅವನು ಮೊದಲು ಮಾಡಿದ ಕೆಲಸ ಗೋಡೆ ಬೀರು ತೆಗೆದದ್ದು. ಪ್ರತಿ ಸಲ ಹುರಿದದ್ದರಲ್ಲಿ ಒಂದು ಹಿಡಿ ಬೀಜವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ತಾರೀಖು ಬರೆದು ಅದರಲ್ಲಿ ವರ್ಷಗಟ್ಟಲೆ ಇಡುವ ಪದ್ಧತಿ. ಸೀದಿದೆ ಎಂದು ಅವನು ಬರೆದಿದ್ದ ಕೆಂಡದಣ್ಣನ ಹನ್ನೊಂದು ಡಬ್ಬಿಗಳೂ ಇದ್ದವು. ಈ ಸಲ ಬರಿ ಹೊಟ್ಟೆಯಲ್ಲಲ್ಲ, ಮಧ್ಯಾಹ್ನದ ತುತ್ತು ಅನ್ನ ಉಂಡು ಬಾಯಿ ತೊಳೆದ ಮೇಲೆ, ಒಬ್ಬನೇ ಬಾಗಿಲು ಹಾಕಿಕೊಂಡು ರುಚಿ ನೋಡಿದ. ಬೀಜ ಹಳತಾಗಿ ಪರಿಮಳ ತುಸು ಇಳಿದಿತ್ತು, ಅಷ್ಟೇ. ಒಂದರಲ್ಲೂ ಸೀದ ಸುಳಿವಿಲ್ಲ. ಬೇಗ ಎಳೆದ ಆ ಎಳಸಿನದು ಹಸಿ ಹುಲ್ಲಿನ ಹಾಗಿತ್ತು. ಪಾಪ, ಹೆದರಿದ ಕೈಯ ಕೆಲಸ. ಉಳಿದ ಹತ್ತೂ ಕೊನೆಯಲ್ಲಿ ಸಣ್ಣಗೆ ಸಿಹಿ ಬಿಡುತ್ತಿದ್ದವು. ನಾಲಿಗೆ ಮೇಜಿನ ಮೇಲೆ ತಲೆಯಿಟ್ಟು ಅತ್ತ. ನಲವತ್ತೇಳು ವರ್ಷದ ಗಂಡಸು ಸದ್ದಾಗದ ಹಾಗೆ ಅಳುವುದು ಕಷ್ಟ, ಆದರೂ ಹೇಗೋ ಅತ್ತ.

ಮುಖ ತೊಳೆದುಕೊಂಡು ಒಡತಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ. ಕಾಯಿಲೆಯ ಕತೆಯನ್ನಷ್ಟೇ ಹೇಳಿ ಪಾರಾಗಬಹುದಿತ್ತು. ಎಳಸು ಬೀಜದ ದಿನವೇ ತನಗೆ ತಿಳಿದಿತ್ತು ಎಂಬುದನ್ನೂ ಹೇಳಿದ.

‘ಅವತ್ತು ಇದೇ ಜಾಗದಲ್ಲಿ ನಿಲ್ಲಿಸಿ ಕೇಳಿದ್ದೆ ನಿಮ್ಮನ್ನ,’ ಅಂದಳು ಒಡತಿ. ‘ನಿಮ್ಮನ್ನ ಏನು ಮಾಡಬೇಕು ಅಂತ ಆಮೇಲೆ ನೋಡ್ತೀನಿ. ಮೊದಲು ಅವರನ್ನ ಕರ್ಕೊಂಡು ಬನ್ನಿ.’

ಹೊರಗೆ ಬಂದು, ಡ್ರಮ್ಮುಗಳ ಮುಂದೆ ನಿಂತು, ಕೆಲಸದವರೆಲ್ಲರ ಎದುರಿಗೂ ಅದನ್ನೇ ಹೇಳಿದ. ಮೂಟೆ ಹೊಲಿಯುವವರು ಯಾರೂ ಈ ಸಲ ಕಾಲೆಳೆಯಲಿಲ್ಲ. ಒಂದನೇ ಡ್ರಮ್ಮಿನವನು ಅವನ ಮುಖವನ್ನೂ ನೋಡದೆ, ಬಾಯಿ ಬಿಡಲು ಇಷ್ಟು ದಿನ ಬೇಕಾಯಿತಾ ಎಂದಷ್ಟೇ ಕೇಳಿದ. ಮುಖಕ್ಕೆ ಉಗಿದಿದ್ದರೂ ಅವನು ಒರೆಸಿಕೊಳ್ಳುತ್ತಿರಲಿಲ್ಲ.

ಕೆಂಡದಣ್ಣನ ಮನೆ ಎರಡನೇ ಮಹಡಿಯಲ್ಲಿ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟಿನ ಮೆಟ್ಟಿಲು. ಅತ್ತಿಗೆ ಬಾಗಿಲು ತೆಗೆದರು. ನಾಲಿಗೆಯನ್ನು ಕಂಡು ಅವರ ಮುಖ ಅರಳಿದ್ದು ನೋಡಿ ಅವನಿಗೆ ಹಾಗೇ ವಾಪಸು ಇಳಿದು ಓಡಿಬಿಡಬೇಕು ಅನ್ನಿಸಿತು. ಕೆಂಡದಣ್ಣ ಕಿಟಕಿಯ ಪಕ್ಕ ಕೂತು ಹಳೆಯ ಕುರ್ಚಿಯೊಂದಕ್ಕೆ ಪಟ್ಟಿ ಹೆಣೆಯುತ್ತಿದ್ದ. ಮುಖದ ಕೆಂಪು ಇಳಿದು ಯಾರದೋ ಬೇರೆ ಮುಖದ ಹಾಗಿತ್ತು.

ನಾಲಿಗೆ ನಿಂತೇ ಹೇಳಿದ, ಮೊದಲಿನಿಂದ ಕೊನೆಯ ತನಕ. ಪಿತ್ತದ ವಿಷಯ, ಹುಳಿ ಎಂದು ಹೇಳಿದ ಸುಳ್ಳು, ಗೊತ್ತಿದ್ದೂ ಬರೆದ ಚೀಟಿಗಳು. ಆಸ್ಪತ್ರೆಯ ಕಾಗದ, ಜಠರದ ಬಣ್ಣದ ಫೋಟೋ ಎಲ್ಲ ಮುಂದಿಟ್ಟ. ತನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಕೈ ಮುಗಿದ. ಕೆಂಡದಣ್ಣ ಹೆಣಿಗೆ ನಿಲ್ಲಿಸಿ ಕೇಳಿದ. ಫೋಟೋವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹೊಟ್ಟೆಯೊಳಗೆ ಯಾರದ್ದಾದರೂ ಹೀಗೇ ಇರುತ್ತದೆ ಅಂದ. ಆಮೇಲೆ ನಕ್ಕ.

‘ನೀನು ಒಳ್ಳೆಯವನು ಕಣೋ ತಮ್ಮ. ನನ್ನ ಮರ್ಯಾದೆ ಉಳಿಸಬೇಕು ಅಂತ ತಪ್ಪೆಲ್ಲ ನಿನ್ನ ಬಾಯಿ ಮೇಲೆ ಹಾಕ್ಕೊಂಡು ಬಂದಿದೀಯ. ಮೇಡಂ ಕಳಿಸಿದ್ರಾ?’

ಇಲ್ಲ, ಇದು ನಿಜ ಎಂದು ನಾಲಿಗೆ ಎಷ್ಟು ಹೇಳಿದರೂ ಆ ಮನುಷ್ಯ ನಂಬದೆ ತಲೆಯಾಡಿಸಿದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಈ ಕಾಲದಲ್ಲಿ ಯಾರು ಇಷ್ಟು ಮಾಡುತ್ತಾರೆ, ನೀವು ಚೆನ್ನಾಗಿರಬೇಕು ಎಂದು ಹರಸಿದರು. ಕಪಾಳಕ್ಕೆ ಬಾರಿಸಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗದೆ, ಚೀಲದಿಂದ ಒಂದು ಡಬ್ಬಿ ತೆಗೆದ.

ಹನ್ನೊಂದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಡಬ್ಬಿ ಅದು. ಅತ್ತಿಗೆಯ ಅಡುಗೆಮನೆಗೆ ತಾನೇ ಹೋಗಿ, ಬೀಜ ಪುಡಿ ಮಾಡಿ, ನೀರು ಕುದಿಸಿ, ಹಾಲು ಸಕ್ಕರೆ ಯಾವುದೂ ಇಲ್ಲದೆ ಬಿಳಿ ಕಪ್ಪಿಗೆ ಬಗ್ಗಿಸಿದ. ಒಂದು ಚಮಚ ತಾನು ಮೊದಲು ನೋಡಿದ. ದುಂಡಗಿತ್ತು, ಹದವಾಗಿತ್ತು, ಗಂಟಲಿಗಿಳಿದ ಮೇಲೆ ಬೆಲ್ಲದಂಥ ಸಣ್ಣ ಸಿಹಿ. ಇದನ್ನು ಕುಡಿದ ಮೇಲೆ ಇನ್ನು ಯಾವ ಕಾಗದವೂ ಬೇಡ, ಯಾವ ಫೋಟೋವೂ ಬೇಡ ಎಂದುಕೊಂಡ. ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಕೊಟ್ಟ.

‘ನಿಮ್ಮ ಕೈಯದೇ ಅಣ್ಣ. ಕುಡಿದು ನೋಡಿ. ನೀವೇ ಹೇಳಿ.’

ಕೆಂಡದಣ್ಣ ಕನ್ನಡಕ ತೆಗೆದು ಪಕ್ಕಕ್ಕಿಟ್ಟ. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ಒಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದ. ಹಿಂದೆ ಅವನು ಹಾಗೆ ಕುಡಿಯುತ್ತಿರಲಿಲ್ಲ. ಕುಡಿದು, ತಲೆದೂಗಿ, ಕೆಲಸಕ್ಕೆ ಹೋಗುತ್ತಿದ್ದ. ಈಗ ಗುಟುಕನ್ನು ಬಾಯಲ್ಲೆಲ್ಲ ಹೊರಳಿಸಿದ, ನುಂಗಿದ, ನುಂಗಿದ ಮೇಲೂ ಗಂಟಲ ಬುಡದಲ್ಲಿ ಏನನ್ನೋ ಹುಡುಕುತ್ತ, ಕಾಯುತ್ತ ಕೂತ. ಕೆಂಡದಣ್ಣನ ಮುಖ ಸಣ್ಣಗೆ ಹಿಂಡಿಕೊಂಡಿತು.

‘ಸೀದಿದೆಯಲ್ಲೋ,’ ಅಂದ.

ನಾಲಿಗೆ ಅವನ ಮುಂದೆ ನೆಲದ ಮೇಲೆ ಕೂತುಬಿಟ್ಟ. ಸೀದಿಲ್ಲ ಅಣ್ಣ, ದೇವರಾಣೆ ಸೀದಿಲ್ಲ, ನಾನು ನಿಮ್ಮ ಬಾಯಿಗೆ ಇಲ್ಲದ್ದನ್ನ ಕಲಿಸಿದೆ ಎಂದು ಹೇಳುವಾಗ ಅವನಿಗೆ ಅಳು ತಡೆಯಲಾಗಲಿಲ್ಲ. ಅತ್ತಿಗೆ ಗಾಬರಿಯಾಗಿ ಬಂದು, ಗಂಡನ ಕೈಯ ಕಪ್ ತೆಗೆದುಕೊಂಡು ತಾವೂ ಒಂದು ಗುಟುಕು ಕುಡಿದರು. ಚೆನ್ನಾಗಿದೆಯಲ್ಲಾ ಅಂದರು. ಕೆಂಡದಣ್ಣ ಅವರ ಮುಖ ನೋಡಿದ, ಆಮೇಲೆ ನಾಲಿಗೆಯದು. ನಂಬಿಕೆ ಬರಲಿಲ್ಲ ಅವನಿಗೆ. ಇಬ್ಬರೂ ತನ್ನ ಮನಸ್ಸು ನೋಯಬಾರದು ಎಂದು ಹೇಳುತ್ತಿದ್ದಾರೆ ಎಂದೇ ತಿಳಿದ.

ನಾಳೆ ಇನ್ನೊಂದು ಡಬ್ಬಿ ತರುತ್ತೇನೆ, ನಾಳಿದ್ದು ಮತ್ತೊಂದು, ಹತ್ತೂ ಮುಗಿಯುವ ತನಕ ದಿನಾ ಬರುತ್ತೇನೆ ಎಂದು ನಾಲಿಗೆ ಹೇಳಿದ. ಕೆಂಡದಣ್ಣ ಬಗ್ಗಿ ಅವನ ಹೆಗಲ ಮೇಲೆ ಕೈಯಿಟ್ಟ. ಕುರ್ಚಿಯ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡ.

‘ಬಾರೋ, ದಿನಾ ಬಾ. ಕೂತು ಮಾತಾಡೋಣ. ಆದರೆ ಕಾಫಿ ಮಾತ್ರ ತರಬೇಡ.’